ಸತ್ತವನ ಹೆಸರಿನಲ್ಲಿ ಇಪ್ಪತ್ತೊಂದು ಸಲ

ವೆಂಡೆಲ್ ಸತ್ತದ್ದು ಫೆಬ್ರವರಿ ಮೂರರಂದು. ಆರನೇ ತಾರೀಕು ಬೆಳಿಗ್ಗೆ ಅವನು ಬೆನ್ನು ತೋರಿಸಲು ಡಾಕ್ಟರ ಹತ್ತಿರ ಹೋಗಿದ್ದ.

ಹಾಗೆಂದು ವಿಮಾ ಕಂಪನಿಯ ಕಾಗದ ಹೇಳುತ್ತಿತ್ತು. ರೋಗಿ: ವೆಂಡೆಲ್ ಟರ್ಪ್‌ಸ್ಟ್ರಾ. ಚಿಕಿತ್ಸೆ: ಬೆನ್ನುಮೂಳೆ ಸರಿಪಡಿಸಿದ್ದು. ಡಾಕ್ಟರು ಕೇಳಿದ್ದು ನಲವತ್ತೈದು ಡಾಲರ್. ಕಂಪನಿ ಕೊಟ್ಟದ್ದು ಮೂವತ್ತೊಂದು. ಕೆಳಗೆ ದಪ್ಪ ಅಕ್ಷರದಲ್ಲಿ — ಇದು ಬಿಲ್ ಅಲ್ಲ.

ನೆಲ್ಲಾ ಅಡುಗೆಮನೆಯಲ್ಲಿ ನಿಂತೇ ಅದನ್ನು ಮೂರು ಸಲ ಓದಿದಳು. ಆರನೇ ತಾರೀಕು ಗಂಡ ಶವಾಗಾರದಲ್ಲಿದ್ದ. ಯಾವ ಟೈ ಕಟ್ಟೋಣ ಎಂದು ಕೇಳಲು ಅಲ್ಲಿಂದ ಫೋನ್ ಬಂದದ್ದು ಅವಳಿಗೆ ನೆನಪಿತ್ತು. ಅವನ ಹತ್ತಿರ ಇದ್ದದ್ದು ಒಂದೇ ಟೈ.

ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಕೌಂಟರಿನಲ್ಲಿ ಕೂರುವ ಅರ್ಲೀನ್ ಎತ್ತಿದಳು. ಏನೋ ತಪ್ಪಾಗಿರಬೇಕು, ನೋಡುತ್ತೇನೆ ಎಂದಳು.

ತಪ್ಪು ನಿಲ್ಲಲಿಲ್ಲ. ಒಂಬತ್ತು. ಹದಿಮೂರು. ಹದಿನಾರು. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ವೆಂಡೆಲ್ ಡಾಕ್ಟರಲ್ಲಿಗೆ ಹೋಗುತ್ತಿದ್ದ. ನೆಲ್ಲಾ ಕಾಗದಗಳನ್ನು ಬ್ರೆಡ್ಡಿನ ಡಬ್ಬಿಯ ಹಿಂದೆ ಒಂದರ ಮೇಲೊಂದು ಇಟ್ಟಳು.

ಏಪ್ರಿಲ್ ಮೊದಲ ಮಂಗಳವಾರ ಅವಳು ಕ್ಲಿನಿಕ್ಕಿನ ಎದುರಿಗೆ ಕಾರು ನಿಲ್ಲಿಸಿಕೊಂಡು ಕೂತಳು. ಹತ್ತು ಗಂಟೆಗೆ ಹಿತ್ತಲ ಬಾಗಿಲಿನ ಕಡೆಗೆ ಒಬ್ಬ ನಡೆದುಹೋದ. ಬೆನ್ನು ಮಾತ್ರ ಕಂಡಿತು. ಹಸಿರು ಜಾಕೆಟ್, ಎಡತೋಳಿನ ಮೇಲೆ ಚೌಕಾಕಾರದ ಕಂದು ತೇಪೆ. ಗಂಡನ ಜಾಕೆಟ್ಟಿಗೆ ಆ ತೇಪೆ ಹಾಕಿದ್ದು ಅವಳೇ.

ಕೈಯಲ್ಲಿದ್ದ ಕಾರಿನ ಕೀ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಹುಡುಕಿ, ಇಳಿದು, ಒಳಗೆ ಹೋಗುವಷ್ಟರಲ್ಲಿ ಐದು ಮಿನಿಟು ಕಳೆದಿತ್ತು. ಉದ್ದನೆಯ ಕೋಣೆಯಲ್ಲಿ ಐದು ಮೇಜುಗಳ ಮೇಲೆ ಐದು ಜನ ಬೋರಲು ಮಲಗಿದ್ದರು. ಯಾರಿಗೂ ಮುಖ ಇರಲಿಲ್ಲ. ಎಲ್ಲರ ಅಂಗಿಗಳೂ ಒಂದೇ ಗೂಟದಲ್ಲಿ ಒತ್ತೊತ್ತಾಗಿ ನೇತಾಡುತ್ತಿದ್ದವು. ಹೇವರ್‌ಕ್ಯಾಂಪ್ ಡಾಕ್ಟರು ತಲೆ ಎತ್ತಿ ಅವಳನ್ನು ನೋಡಿದರು; ಅವರ ಕೈ ಯಾರದೋ ಸೊಂಟದ ಮೇಲೆ ಹಾಗೇ ನಿಂತಿತು. ಅವಳು ಏನೂ ಕೇಳದೆ ಹೊರಗೆ ಬಂದುಬಿಟ್ಟಳು.

ಏಪ್ರಿಲ್ ಕೊನೆಗೆ ಕಾಗದಗಳು ನಿಂತವು. ನಿಂತ ಮೇಲೆಯೇ ಅವಳು ಕಂಪನಿಗೆ ಬರೆದದ್ದು.

*

ಕಂಪನಿಯಿಂದ ಬಂದವರು ಲೋವೆಲ್ ಪ್ರೊಹಾಸ್ಕಾ. ಅರವತ್ತರ ಹತ್ತಿರದ ಮನುಷ್ಯ, ಸುಕ್ಕಾದ ಸೂಟು, ಕೂರುವಾಗ ಸೊಂಟ ಹಿಡಿದುಕೊಂಡು ಕೂರುತ್ತಿದ್ದರು. ಅಯೋವಾದ ಈ ಭಾಗದಲ್ಲಿ ಒಂದು ಸಲದ ಚಿಕಿತ್ಸೆಗೆ ಎಷ್ಟು ಕೊಡುವುದು ನ್ಯಾಯ, ವರ್ಷಕ್ಕೆ ಎಷ್ಟು ಸಲ ಕೊಡಬೇಕು ಎಂದು ಲೆಕ್ಕ ಹಾಕಿದವರೂ ಅವರೇ. ಮೂವತ್ತೊಂದು ಡಾಲರ್; ವರ್ಷಕ್ಕೆ ಇಪ್ಪತ್ತನಾಲ್ಕು ಸಲ.

ಅವಳು ಕಾಫಿ ಕೊಟ್ಟಳು. ಅವರು ಕಾಗದಗಳನ್ನು ಎಣಿಸಿದರು. ಇಪ್ಪತ್ತೊಂದು.

"ಫೆಬ್ರವರಿಯಲ್ಲಿ ಮೊದಲನೇದು ಬಂತು. ನೀವು ಬರೆದದ್ದು ಮೇನಲ್ಲಿ. ಅಲ್ಲೀತನಕ ಯಾಕೆ ಸುಮ್ಮನಿದ್ರಿ, ಮೇಡಂ?"

ನೆಲ್ಲಾ ಅವರ ಕಪ್ಪಿಗೆ ಇನ್ನಷ್ಟು ಕಾಫಿ ಸುರಿದಳು. ಕಾಗದ ಬರುತ್ತಿದ್ದಷ್ಟು ದಿನ ವೆಂಡೆಲ್ ಎಲ್ಲಿಗೋ ಹೋಗಿಬರುತ್ತಿದ್ದ. ಅದನ್ನು ಕಂಪನಿಯವರ ಮುಂದೆ ಹೇಗೆ ಹೇಳುವುದು?

ಅಪಘಾತದ ವಿಮೆಯ ವಿಚಾರವನ್ನು ಅವರೇ ಎತ್ತಿದರು. ವೆಂಡೆಲ್ ಕೆಲಸ ಮಾಡುತ್ತಿದ್ದದ್ದು ಊರಿನ ಧಾನ್ಯದ ಗೋದಾಮಿನಲ್ಲಿ. ಎತ್ತರದ ಕಣಜದೊಳಗೆ ಗಟ್ಟಿಕಟ್ಟಿದ್ದ ಮೆಕ್ಕೆಜೋಳವನ್ನು ಒಡೆಯಲು ಇಳಿದವನು ಜೋಳದಲ್ಲೇ ಮುಳುಗಿದ. ಇಳಿಯುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಬೇಕು, ಮೇಲೆ ಒಬ್ಬ ಅದನ್ನು ಹಿಡಿದಿರಬೇಕು. ಮೇಲೆ ಯಾರೂ ಇರಲಿಲ್ಲ, ಯಾರಿಗೂ ಹೇಳದೆ ತಾನೇ ಇಳಿದ — ಮ್ಯಾನೇಜರ್ ರಾಯ್ಸ್ ಡೈಕ್‌ಹೌಸ್ ಪೊಲೀಸರಿಗೆ ಕೊಟ್ಟ ಹೇಳಿಕೆ ಇದು. ನಿಯಮ ಮುರಿದವನ ಸಾವಿಗೆ ಕಂಪನಿ ಹಣ ಕೊಡುವುದಿಲ್ಲ.

"ಅವನು ಒಬ್ಬನೇ ಇಳಿಯೋನಲ್ಲ," ಎಂದಳು ನೆಲ್ಲಾ. "ನನಗೆ ಮಾತು ಕೊಟ್ಟಿದ್ದ."

ಹಣ ಹೋದರೆ ಮನೆ ಹೋಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಆದರೆ ನಿದ್ದೆ ಕೆಡಿಸುತ್ತಿದ್ದದ್ದು ಮನೆಯಲ್ಲ. ಮಾತು ಮುರಿದನೇ? ಅಂದು ಬೆಳಿಗ್ಗೆ ತಿಂಡಿ ತಿನ್ನುವಾಗ ಅವಳ ಮುಖ ನೋಡಿಕೊಂಡೇ ಸುಳ್ಳು ಹೇಳಿದ್ದನೇ?

ಪ್ರೊಹಾಸ್ಕಾ ಕಾಗದಗಳನ್ನು ಜೋಡಿಸಿದರು. "ಅದು ನನ್ನ ವಿಭಾಗ ಅಲ್ಲ. ನನ್ನದು ಬೆನ್ನು. ನಾಳೆ ಕ್ಲಿನಿಕ್ಕಿಗೆ ಬನ್ನಿ. ಈ ಇಪ್ಪತ್ತೊಂದರಿಂದ ಯಾರಿಗೆ ಲಾಭ ಅಂತ ನೋಡಿದ್ರೆ ಮೂರು ಜನ ಸಿಗ್ತಾರೆ. ಡಾಕ್ಟರು, ಅರ್ಲೀನ್, ನೀವು. ಮೂರೂ ಜನ ಒಟ್ಟಿಗೆ ಇದ್ರೆ ನನಗೆ ಒಂದೇ ಓಡಾಟ."

ಹಸಿರು ಜಾಕೆಟ್ಟಿನ ವಿಷಯವನ್ನೂ ಅವಳು ಹೇಳಿದಳು. ಗಂಡನ ಬಟ್ಟೆಗಳನ್ನೆಲ್ಲ ಚರ್ಚಿನ ದಾನದ ಪೆಟ್ಟಿಗೆಗೆ ಹಾಕಿದ್ದೆ ಎಂಬುದನ್ನೂ. ಅವರು ಬರೆದುಕೊಂಡರು, ನಂಬಿದರೋ ಇಲ್ಲವೋ ತಿಳಿಯಲಿಲ್ಲ.

*

ಶನಿವಾರ. ಕ್ಲಿನಿಕ್ಕಿಗೆ ರಜೆ. ಖಾಲಿ ಮೇಜುಗಳ ತಲೆಯ ಕಡೆ ಹೊಸ ಕಾಗದ ಹಾಸಿತ್ತು. ಕಿಟಕಿಯಿಂದ ಬಿಸಿಲು ಅವುಗಳ ಮೇಲೆ ಬಿದ್ದಿತ್ತು. ನೆಲ್ಲಾ ಆ ಕಡೆ ನೋಡಲಿಲ್ಲ.

ಮೊದಲು ಅರ್ಲೀನ್. ಇಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ಪ್ರೊಹಾಸ್ಕಾ ಕೇಳಿದರು. ರೋಗಿ ಬಂದವನು ಪುಸ್ತಕದಲ್ಲಿ ಹೆಸರು ಬರೆಯುತ್ತಾನೆ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ಮೇಜಿನ ಕೊಕ್ಕೆಗೆ ಸಿಕ್ಕಿಸುತ್ತಾನೆ, ಬೋರಲು ಮಲಗುತ್ತಾನೆ. ಡಾಕ್ಟರು ಕಾರ್ಡು ನೋಡಿ, ಬೆನ್ನು ನೋಡಿ, ಕೆಲಸ ಮುಗಿಸಿ, ಕಾರ್ಡಿನಲ್ಲಿ ಒಂದು ಸಾಲು ಬರೆಯುತ್ತಾರೆ. ಸಂಜೆ ಅವಳು ಅದನ್ನು ಕಂಪನಿಯ ಫಾರಂಗೆ ಟೈಪ್ ಮಾಡಿ, ಕಾರ್ಡಿನ ನಕಲಿನ ಜೊತೆ ಕಳಿಸುತ್ತಾಳೆ.

"ವೆಂಡೆಲ್ ಸತ್ತಿದ್ದು ನಿಮಗೆ ಗೊತ್ತಿರಲಿಲ್ವಾ?"

"ಅವರ ಮನೆಗೆ ಆಲೂಗಡ್ಡೆ ಬೇಯಿಸಿಕೊಂಡು ಹೋದವಳು ನಾನೇ," ಎಂದಳು ಅರ್ಲೀನ್.

"ಮತ್ತೆ ಟೈಪ್ ಮಾಡಿದ್ರಲ್ಲ?"

"ನಿಮ್ಮ ಫಾರಂನಲ್ಲಿ ಮನುಷ್ಯ ಬದುಕಿದಾನಾ ಅಂತ ಕೇಳೋ ಜಾಗ ಇಲ್ವಲ್ಲ ಸಾರ್. ದಿನಾಂಕ, ನಂಬರು, ಹಣ. ಸೊಂಟಕ್ಕೆ ಮೂವತ್ತೊಂದು ಅಂತ ಬೆಲೆ ಕಟ್ಟಿದೀರಿ. ಕತ್ತಿಗೂ ಅಷ್ಟೇ. ಹೆಣಕ್ಕೆ ಬೇರೆ ರೇಟಿದ್ರೆ ಹೇಳಿ, ಹಾಕ್ತೀನಿ."

ಪ್ರೊಹಾಸ್ಕಾ ನಗಲಿಲ್ಲ. ಸೊಂಟ ಹಿಡಿದುಕೊಂಡು ಕುರ್ಚಿ ಬದಲಿಸಿದರು.

ಅಷ್ಟರಲ್ಲಿ ಹೇವರ್‌ಕ್ಯಾಂಪ್ ಡಾಕ್ಟರು ಒಳಗಿನಿಂದ ಬಂದರು. ಎಪ್ಪತ್ತೆರಡು ವರ್ಷ, ಕೈಗಳು ಮಾತ್ರ ಇನ್ನೂ ನಲವತ್ತರವು. ಅವಳನ್ನು ಬಿಡಿ, ಎಂದರು. ಎಲ್ಲ ನನ್ನದೇ ಕೆಲಸ. ಯಾರೂ ಬರಲಿಲ್ಲ. ವೆಂಡೆಲ್ ಆ ವರ್ಷದ ಇಪ್ಪತ್ತನಾಲ್ಕರಲ್ಲಿ ಜನವರಿಯಲ್ಲಿ ಮೂರು ಮುಗಿಸಿದ್ದ, ಇಪ್ಪತ್ತೊಂದು ಉಳಿದಿತ್ತು. ಇಲ್ಲೇ ಒಬ್ಬನೇ ಕೂತು ಇಪ್ಪತ್ತೊಂದು ಸಾಲು ಕಟ್ಟಿ ಬರೆದೆ, ಸಹಿಯೂ ನಾನೇ ಹಾಕಿದೆ.

"ಬರ್ಕೊಳ್ಳಿ. ನಾನು ಸಹಿ ಹಾಕ್ತೀನಿ. ಲೈಸೆನ್ಸ್ ತಗೊಂಡು ಹೋಗಿ."

"ಹಣ?"

"ಖರ್ಚಾಯ್ತು. ಕರೆಂಟಿಗೆ, ಇವಳ ಸಂಬಳಕ್ಕೆ."

ನೆಲ್ಲಾ ಹಿತ್ತಲ ಬಾಗಿಲಿನ ಕಡೆ ನೋಡಿದಳು. ಹಾಗಾದರೆ ಯಾರೂ ಬಂದಿರಲಿಲ್ಲ. ಆ ಹಸಿರು ಬೆನ್ನು?

ಪ್ರೊಹಾಸ್ಕಾ ತಪ್ಪೊಪ್ಪಿಗೆಯನ್ನು ಬರೆದುಕೊಳ್ಳಲಿಲ್ಲ. ವೆಂಡೆಲ್‌ನ ಕಾರ್ಡು ಕೇಳಿ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಓದಿದರು — ಒಂದೊಂದೇ ಸಾಲು, ಬೆರಳಿಟ್ಟು. ಬಹಳ ಹೊತ್ತು. ಗೋಡೆಯ ಗಡಿಯಾರ ಕೇಳಿಸುತ್ತಿತ್ತು.

"ಮೇಡಂ, ನಿಮ್ಮ ಯಜಮಾನರಿಗೆ ಪ್ಯಾಂಟು ಹೊಲಿಸುವಾಗ ಒಂದು ಕಾಲು ಮೋಟು ಮಾಡಿಸ್ತಿದ್ರಾ?"

"ಎಡಗಾಲು," ಎಂದಳು ನೆಲ್ಲಾ. "ಸ್ವಲ್ಪ ಮಡಚಿ ಹೊಲೀತಿದ್ದೆ."

"ಹೌದು. ಡಾಕ್ಟರು ರೋಗಿಯನ್ನು ಬೋರಲು ಮಲಗಿಸಿ, ಎರಡು ಹಿಮ್ಮಡಿ ಜೋಡಿಸಿ ನೋಡ್ತಾರೆ. ಪ್ರತಿ ಸಲ. ಒಂಬತ್ತು ವರ್ಷದಿಂದ ಈ ಕಾರ್ಡಲ್ಲಿ ಒಂದೇ ಮಾತು — ಎಡಗಾಲು ಮೋಟು. ಜನವರಿಯಲ್ಲೂ ಅದೇ. ಫೆಬ್ರವರಿ ಆರು — ಬಲಗಾಲು ಮೋಟು, ಅರ್ಧ ಇಂಚು. ಅಲ್ಲಿಂದ ಇಪ್ಪತ್ತೊಂದು ಸಲವೂ ಬಲಗಾಲು."

ಡಾಕ್ಟರು ಕಿಟಕಿಯ ಕಡೆ ತಿರುಗಿದರು.

"ಕಟ್ಟಿ ಬರೆಯೋನು ಮೇಲಿನ ಸಾಲು ನೋಡಿ ಬರೀತಾನೆ. ಕಾಲು ಯಾಕೆ ಬದಲಾಯಿಸ್ತಾನೆ? ನೀವು ಸುಳ್ಳು ಹೇಳ್ತಿದೀರಿ ಡಾಕ್ಟ್ರೇ. ಕಾರ್ಡಲ್ಲಲ್ಲ, ಈಗ. ಈ ಮೇಜಿನ ಮೇಲೆ ನಿಜವಾಗಿ ಒಬ್ಬ ಮಲಗಿದ್ದ. ಹೆಸರು ಬೇರೆಯವರದು ಬರೆಯೋಕೆ ನಿಮ್ಮ ಕೈ ಒಪ್ಪಿತು. ಬೆನ್ನು ಬೇರೆಯವರದು ಬರೆಯೋಕೆ ಒಪ್ಪಲಿಲ್ಲ."

ಪ್ರೊಹಾಸ್ಕಾ ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರು.

"ಇನ್ನೂ ಇದೆ. ಆರನೇ ತಾರೀಕು, ಅಂಚಿನಲ್ಲಿ, ಸಣ್ಣ ಅಕ್ಷರ: ಎರಡೂ ಅಂಗೈ ಸುಲಿದಿದೆ, ಪಟ್ಟಿ ಕಟ್ಟಿದೆ. ಒಂಬತ್ತನೇ ತಾರೀಕು: ಪಟ್ಟಿ ಬದಲಿಸಿದೆ. ಬಲಭುಜ ಜಗ್ಗಿದೆ." ಅವರು ಕನ್ನಡಕ ತೆಗೆದರು. "ನಾವು ಕಂಪನಿಯಲ್ಲಿ ಮೂರು ಕಾಲಂ ಓದ್ತೀವಿ. ಅರ್ಲೀನ್ ಹೇಳಿದ್ಲಲ್ಲ, ದಿನಾಂಕ, ನಂಬರು, ಹಣ. ಅಂಚಿಗೆ ನಾವು ಹಣ ಕೊಡಲ್ಲ, ಅದಕ್ಕೇ ಓದಲ್ಲ. ಆ ನಿಯಮ ಮಾಡಿದವನು ನಾನೇ. ಮೂರನೇ ತಾರೀಕು ಒಬ್ಬ ಮನುಷ್ಯ ಕಣಜದಲ್ಲಿ ಮುಳುಗ್ತಾನೆ. ಆರನೇ ತಾರೀಕು ಇನ್ನೊಬ್ಬ ಬರ್ತಾನೆ, ಅಂಗೈ ಸುಲಿದುಕೊಂಡು. ಅಂಗೈ ಹಾಗೆ ಸುಲಿಯೋದು ಯಾವುದರಿಂದ ಮೇಡಂ?"

"ಹಗ್ಗ," ಎಂದಳು ನೆಲ್ಲಾ. ಅವಳ ದನಿ ಅವಳಿಗೇ ದೂರದಿಂದ ಕೇಳಿತು.

"ಹಗ್ಗ. ಒಬ್ಬ ಮೇಲೆ ನಿಂತು ಅದನ್ನು ಹಿಡಿದಿದ್ದ. ಇಲ್ಲಿ ನಡೆದದ್ದು ಎರಡು ತಪ್ಪು. ಸತ್ತವರ ಹೆಸರಲ್ಲಿ ಬಿಲ್ ಕಳಿಸಿದ್ದು — ಅದು ಹೇವರ್‌ಕ್ಯಾಂಪ್ ಡಾಕ್ಟರದು. ಸತ್ತವರು ಒಬ್ಬರೇ ಇದ್ರು ಅಂದದ್ದು — ಅದು ರಾಯ್ಸ್ ಡೈಕ್‌ಹೌಸ್‌ದು. ಎರಡನೇದು ದೊಡ್ಡದು. ಈಗ ಹೇಳಿ ಡಾಕ್ಟ್ರೇ. ಯಾರು ಅವನು?"

ಡಾಕ್ಟರು ಕೂತರು. ಮಾತು ನಿಧಾನವಾಗಿ ಬಂತು. ಅವನ ಹೆಸರು ಆನ್ಸೆಲ್ಮೊ. ಗ್ವಾಟೆಮಾಲಾದವನು, ಈ ದೇಶದ ಕಾಗದಪತ್ರ ಇಲ್ಲ. ಡೈಕ್‌ಹೌಸ್ ಅವನನ್ನು ಲೆಕ್ಕಕ್ಕೆ ಸೇರಿಸದೆ ದಿನಗೂಲಿಗೆ ಇಟ್ಟುಕೊಂಡಿದ್ದ. ಅಂದು ಪೊಲೀಸರು ಬರುವ ಮೊದಲೇ ಅವನನ್ನು ಓಡಿಸಿದ: ನೀನು ಇಲ್ಲಿರಲಿಲ್ಲ, ಬಾಯಿ ಬಿಟ್ಟರೆ ಗಡಿ ದಾಟಿಸುತ್ತಾರೆ. ಮೂರು ದಿನದ ಮೇಲೆ ನೆಟ್ಟಗೆ ನಿಲ್ಲಲಾಗದೆ ಕ್ಲಿನಿಕ್ಕಿನ ಹಿತ್ತಲ ಬಾಗಿಲು ತಟ್ಟಿದ. ಜೇಬಿನಲ್ಲಿ ಹನ್ನೊಂದು ಡಾಲರ್.

ಬಿಟ್ಟಿ ನೋಡಬಹುದಿತ್ತಲ್ಲ, ಎಂದರು ಪ್ರೊಹಾಸ್ಕಾ.

"ನೋಡ್ತೀನಿ ಅಂದೆ. ಧರ್ಮಕ್ಕೆ ಬೇಡ ಅಂತ ಮೇಜಿಂದ ಎದ್ದು ಹೊರಟ. ಗೋಡೆ ಹಿಡ್ಕೊಂಡು ನಡೀತಿದ್ದ. ಆಗ ಬಾಯಿಗೆ ಬಂತು — ವೆಂಡೆಲ್ ನಿನಗೆ ಇಪ್ಪತ್ತೊಂದು ಸಲ ಬಿಟ್ಟುಹೋಗಿದಾನೆ, ಅವನು ದುಡ್ಡು ಕಟ್ಟಿ ಆಗಿದೆ, ಅವನ ಹೆಸರು ಬರೆದು ಮಲಗು ಅಂತ. ನಂಬಿದ. ವಾಪಸು ಬಂದು ಮಲಗಿದ. ವೆಂಡೆಲ್ ಬದುಕಿದ್ರೆ ಕೊಡ್ತಿದ್ದ ಅಂತ ನನಗೂ ಅನ್ನಿಸ್ತು."

ನೆಲ್ಲಾ ಎದ್ದು ನಿಂತಿದ್ದಳು.

"ಚರ್ಚಿನಲ್ಲಿ ಪ್ರತಿ ಭಾನುವಾರ ನನ್ನ ಹಿಂದಿನ ಬೆಂಚಲ್ಲಿ ಕೂರ್ತಿದ್ರಿ. ಕೈ ಕುಲುಕ್ತಿದ್ರಿ. ಅವನು ಒಬ್ಬನೇ ಇರಲಿಲ್ಲ ಅಂತ ನಿಮಗೆ ಗೊತ್ತಿತ್ತು."

"ಪ್ರತಿ ಭಾನುವಾರ ಹೇಳ್ಬೇಕು ಅಂತಲೇ ಬರ್ತಿದ್ದೆ ಮಗಳೇ. ಬಾಯಿ ಬಿಡಲ್ಲ ಅಂತ ಆನ್ಸೆಲ್ಮೊಗೆ ಮಾತು ಕೊಟ್ಟಿದ್ದೆ." ಡಾಕ್ಟರು ಕಾರ್ಡಿನ ಕಡೆ ಕೈ ತೋರಿಸಿದರು. "ಅದಕ್ಕೇ ಅಲ್ಲಿ ಬರೆದಿಟ್ಟೆ. ಯಾರಾದ್ರೂ ಓದ್ತಾರೆ ಅಂದ್ಕೊಂಡೆ. ಇಪ್ಪತ್ತೊಂದು ಸಲ ಕಾದೆ."

ಪ್ರೊಹಾಸ್ಕಾ ನೆಲ ನೋಡಿದರು.

*

ಅರ್ಲೀನ್ ಆನ್ಸೆಲ್ಮೊನನ್ನು ಕರೆದುಕೊಂಡು ಬರಲು ಹೋದಳು. ಅವನು ಅವಳ ಗ್ಯಾರೇಜಿನ ಮೇಲಿನ ಕೋಣೆಯಲ್ಲೇ ಇದ್ದ. ಗಿಡ್ಡ ಮನುಷ್ಯ, ಮೂವತ್ತೈದು ಇರಬಹುದು. ಚರ್ಚಿನ ಪೆಟ್ಟಿಗೆಯಿಂದ ಸಿಕ್ಕ ಹಸಿರು ಜಾಕೆಟ್ ಅವನ ಮೊಣಕಾಲಿನ ಹತ್ತಿರ ಬರುತ್ತಿತ್ತು. ಎದುರಿನಿಂದ ನೋಡಿದರೆ ವೆಂಡೆಲ್‌ನ ಯಾವ ಹೋಲಿಕೆಯೂ ಇರಲಿಲ್ಲ.

ಪ್ರೊಹಾಸ್ಕಾ ಅವನಿಗೆ ಎಲ್ಲ ತಿಳಿಸಿದರು. ಹೇಳಿಕೆ ಕೊಟ್ಟರೆ ನಿನಗೆ ತೊಂದರೆಯಾಗಬಹುದು, ಕೊಡದಿದ್ದರೆ ಈ ಹೆಣ್ಣುಮಗಳ ಗಂಡ ಒಬ್ಬನೇ ಸತ್ತಂತೆ ಬರೆದುಹೋಗುತ್ತದೆ. ವಕೀಲರೊಬ್ಬರು ನನಗೆ ಗೊತ್ತು, ಜೊತೆಗೆ ಬರುತ್ತೇನೆ. ಆನ್ಸೆಲ್ಮೊ ಯೋಚಿಸಲಿಲ್ಲ. ಎರಡು ಅಂಗೈಗಳನ್ನೂ ನೆಲ್ಲಾಳ ಮುಂದೆ ಬಿಚ್ಚಿ ಹಿಡಿದ. ಅಡ್ಡಕ್ಕೆ, ಗುಲಾಬಿ ಬಣ್ಣದ ಹೊಸ ಚರ್ಮ.

"ಹಗ್ಗ ಕಟ್ಟಿಕೊಂಡೇ ಇಳಿದ್ರು, ಅಮ್ಮಾ. ನಾನು ಗಂಟು ಹಾಕಿದೆ. ಸರಿಯಿಲ್ಲ ಅಂತ ಅವರೇ ಬಿಚ್ಚಿ ಮತ್ತೆ ಹಾಕಿದ್ರು. ಮನೇಲಿ ಬೈತಾರೆ ಅಂದ್ರು." ಅವನು ಅಂಗೈಗಳನ್ನು ಮಡಚಿದ. "ಕೆಳಗೆ ಯಾರೋ ಜೋಳ ಹೊರಗೆಳೆಯೋ ಯಂತ್ರ ಶುರು ಮಾಡಿದ್ರು. ಜೋಳ ಅವರನ್ನೂ ಎಳ್ಕೊಂಡು ಹೋಯ್ತು. ನಾನು ಬಿಡಲಿಲ್ಲ. ಹಗ್ಗವೇ ಅಂಗೈ ಸುಲ್ಕೊಂಡು ಹೋಯ್ತು."

ನೆಲ್ಲಾ ತಲೆಯಾಡಿಸಿದಳು. ಫೆಬ್ರವರಿಯಿಂದ ಬಿಗಿದುಕೊಂಡಿದ್ದ ಅವಳ ಭುಜ ಮೊದಲ ಸಲ ಇಳಿಯಿತು. ಡಾಕ್ಟರು ಅದನ್ನು ನೋಡಿದರು.

ಅವನು ಜಾಕೆಟ್ಟಿನ ಗುಂಡಿ ಬಿಚ್ಚತೊಡಗಿದ. ಬೇಡ ಎಂದು ಅವಳು ಕೈ ಅಡ್ಡ ಹಿಡಿದಳು.

"ಒಂದು ಕೆಲಸ ಮಾಡಿ. ಆ ಬಾಗಿಲ ತನಕ ನಡೆದು ತೋರ್ಸಿ. ನನ್ನ ಕಡೆ ತಿರುಗಬೇಡಿ."

ಅವನಿಗೆ ಅರ್ಥವಾಗಲಿಲ್ಲ. ಆದರೂ ನಡೆದ. ಬಿಸಿಲಿನಲ್ಲಿ ಹಸಿರು ಬಟ್ಟೆ, ಕಂದು ತೇಪೆ, ಬಲಗಾಲನ್ನು ತುಸು ಎಳೆಯುವ ನಡಿಗೆ. ನೆಲ್ಲಾ ರೆಪ್ಪೆ ಮುಚ್ಚದೆ ನೋಡಿದಳು. ಈ ಸಲ, ಅವನು ಬಾಗಿಲು ಮುಟ್ಟುವವರೆಗೂ ಅದು ವೆಂಡೆಲ್‌ನದಲ್ಲದ, ಬೇರೆಯವರ ಬೆನ್ನಾಗಿಯೇ ಇತ್ತು.