ರೆಕ್ಕೆಗೆ ಹತ್ತಿದ ರಾಳ

ಪ್ರೀತಿಯ ದೇವಿ ಅಫ್ರೊಡೈಟಿಯ ಹಬ್ಬ ಬಂತೆಂದರೆ ಅಥೆನ್ಸಿನ ಹುಡುಗಿಯರೆಲ್ಲ ಗುಲಾಬಿ ಮುಡಿಯುತ್ತಾರೆ. ಕ್ಲೇನೊಗೆ ಮಾತ್ರ ವಾಕರಿಕೆ ಬರುತ್ತದೆ.

ಬರದೆ ಇನ್ನೇನು? ಪಾರಿವಾಳ ಅಂದರೆ ಪ್ರಾಣ ಬಿಡುವ ದೇವಿ ಆಕೆ. ಅವಳ ಗುಡಿಯನ್ನು ಶುದ್ಧ ಮಾಡುವುದು ಅದೇ ಪಾರಿವಾಳದ ಕತ್ತು ಕೊಯ್ದು, ನೆಲಕ್ಕೆಲ್ಲ ರಕ್ತ ಚಿಮುಕಿಸಿ. ಆಮೇಲೆ ಬಲಿಪೀಠಕ್ಕೆ ಕಪ್ಪು ರಾಳ ಬಳಿಯುತ್ತಾರೆ. ಬಿಸಿಲಿಗೆ ರಕ್ತ, ರಾಳ, ಬಾಡಿದ ಹೂ ಎಲ್ಲ ಸೇರಿ ನಾರುತ್ತವೆ, ನೊಣ ಮುತ್ತುತ್ತವೆ. ಆ ನಾತದ ನಡುವೆಯೇ ಜೋಡಿಗಳು ಕಿವಿಯಲ್ಲಿ ಪಿಸುಗುಟ್ಟುತ್ತ ನಿಂತಿರುತ್ತವೆ. ಥೂ, ಇದೂ ಒಂದು ಪ್ರೀತಿಯ ಹಬ್ಬ.

ಗುಡಿಗೆ ಪಾರಿವಾಳ ಕೊಡುವವನು ಅವಳ ಅಪ್ಪ ದಾಮಿಸ್. ಈ ಸಲ ಅವನು ಬೆರಳು ಮಾಡಿ ತೋರಿಸಿದ್ದು ಅವಳ ಹಕ್ಕಿಯನ್ನೇ. ಗಿಡುಗ ತಾಯಿಯನ್ನು ಎತ್ತಿಕೊಂಡು ಹೋದಾಗ ಕ್ಲೇನೊ ಬಾರ್ಲಿ ಅಗಿದು ತನ್ನ ಬಾಯಿಂದಲೇ ಉಣಿಸಿ ಉಳಿಸಿಕೊಂಡಿದ್ದ ಮರಿ ಅದು.

"ಬೇರೆದು ತಗೋ ಅಪ್ಪ."

"ಇಷ್ಟು ಬಿಳಿ ಇನ್ನೊಂದಿಲ್ಲ ಕಣೆ. ದೇವಿಗೆ ಕೊಡೋದಕ್ಕೂ ಯಾರಾದ್ರೂ ಅಳ್ತಾರಾ?"

ಪಂಜರ ಹಿಡಿದು ಅವಳು ಗುಡ್ಡ ಹತ್ತಿದಳು. ಬಲಿಪೀಠದ ಬಳಿ ರಾಳ ಬಳಿಯುವ ಸಿಮೋಸ್ ಕಡಾಯಿ ಕದಡುತ್ತಿದ್ದ. ಮೊಂಡು ಮೂಗು, ಮೊಣಕೈವರೆಗೂ ಮಸಿ.

"ಈ ವರ್ಷಾನೂ ಮೂಗು ಮುಚ್ಕೊಂಡೇ ಬಂದ್ಯಾ?"

"ನಿನ್ನ ವಾಸನೆಗೆ ಮುಚ್ಕೊಂಡೆ."

ಅವನು ನಕ್ಕ. ವರ್ಷವರ್ಷವೂ ಇದೇ ಮಾತು, ಇದೇ ನಗು. ಆ ನಗುವಿಗಾಗಿ ತಾನು ಕಾಯುತ್ತಿದ್ದೆನೆಂದು ಒಪ್ಪಿಕೊಳ್ಳಲು ಕ್ಲೇನೊಗೆ ಇಷ್ಟವಿರಲಿಲ್ಲ. ದೇವಿಯ ಮೂರ್ತಿ ತೊಳೆಯಲು ನೀರು ತರಬೇಕಿತ್ತು. ಪಂಜರ ಇಟ್ಟು, ಅದಕ್ಕೆ ಮುಖ ತಾಗಿಸಿ ಏನೋ ಹೇಳಿ, ಕೊಡ ಎತ್ತಿಕೊಂಡು ಹೋದಳು.

ತಿರುಗಿ ಬಂದಾಗ ಹಕ್ಕಿಯ ರೆಕ್ಕೆಯುದ್ದಕ್ಕೂ ರಾಳ ಮೆತ್ತಿತ್ತು. ಬಿಚ್ಚಲಾಗದೆ ಒದ್ದಾಡುತ್ತಿತ್ತು. ಪಂಜರದ ಬಾಗಿಲಲ್ಲಿ ಸಿಮೋಸನ ಬೆರಳಿನ ಗುರುತು.

ಕ್ಲೇನೊಗೆ ಮೈಯೆಲ್ಲ ಉರಿಯಿತು. "ಸಾಯೋ ಜೀವದ ಜೊತೆ ಆಟ ಆಡೋಕೆ ಅಸಹ್ಯ ಆಗಲ್ವಾ ನಿಂಗೆ?" ಎಂದು ಕೆನ್ನೆಗೆ ಬಾರಿಸಿದಳು. ಅವನ ಕೆನ್ನೆಯ ರಾಳ ಅವಳ ಅಂಗೈಗೆ ಅಂಟಿತು.

ಅಷ್ಟರಲ್ಲಿ ಪೂಜಾರಿಣಿ ಬಂದು ಪಂಜರಕ್ಕೆ ಬಗ್ಗಿದಳು. "ಛೀ, ಕಲೆಯಾದ ಹಕ್ಕಿ ದೇವಿಗೆ ಆಗಲ್ಲ. ಮನೆಗೆ ತಗೊಂಡು ಹೋಗು. ನಿಮ್ಮಪ್ಪಂಗೆ ಬೇರೆದು ತರೋಕೆ ಹೇಳು." ಸಿಮೋಸನತ್ತ ತಿರುಗಿದಳು. "ಕೈ ಹಿಡಿತ ಇಲ್ಲದವನಿಗೆ ಇಲ್ಲೇನು ಕೆಲಸ? ನಾಳೆಯಿಂದ ಗುಡಿ ಕಡೆ ತಲೆ ಹಾಕಬೇಡ."

ಅವನು ತಲೆ ತಗ್ಗಿಸಿ, "ಆಯ್ತಮ್ಮ," ಎಂದ. ಕ್ಲೇನೊ ಅವನ ಮುಖವನ್ನೇ ನೋಡಿದಳು. ಆಗ ಅವಳಿಗೆ ಅರ್ಥವಾಯಿತು, ಅದು ಆಟವೂ ಅಲ್ಲ, ಕೈತಪ್ಪೂ ಅಲ್ಲ.

ಅಪ್ಪ ಬೇರೆ ಹಕ್ಕಿ ತಂದ. ಅದರ ರಕ್ತ ನೆಲಕ್ಕೆ ಬಿದ್ದಾಗ ಅವಳಿಗೆ ಮೊದಲು ಆದದ್ದು ಸಮಾಧಾನ. ಅದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಅವಳು ಗುಡಿಯ ಗೋಡೆಯ ಹಿಂದೆ ಹೋದಳು. ಅಪ್ಪನನ್ನು ಕರೆಯಲು ಹೋಗುವಾಗ ಅವಳು ಬಿಟ್ಟುಹೋಗಿದ್ದ ಹಕ್ಕಿಯನ್ನು ಸಿಮೋಸ್ ತೊಡೆಯ ಮೇಲಿಟ್ಟುಕೊಂಡು, ಆಲಿವ್ ಎಣ್ಣೆಯಲ್ಲಿ ಗರಿ ಗರಿಯಾಗಿ ಒರೆಸುತ್ತಿದ್ದ.

"ರಾಳ ಬಿಸಿ ಇರಲಿಲ್ಲ," ಎಂದ ತಲೆಯೆತ್ತದೆ. "ನನ್ನ ಕೈಗೆ ಹಚ್ಚಿ ನೋಡ್ಕೊಂಡೇ ಸವರಿದ್ದು."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಮುಖ ನೋಡಿದ ತಕ್ಷಣ ಪೂಜಾರಮ್ಮಂಗೆ ಗೊತ್ತಾಗ್ತಿತ್ತು. ಸುಳ್ಳು ಹೇಳೋಕೆ ಬರಲ್ಲ ನಿಂಗೆ."

"ಬರುತ್ತೆ. ನಿನ್ನ ವಾಸನೆ ಅಂತ ಮೂಗು ಮುಚ್ಕೋತಿದ್ದೆನಲ್ಲ, ಅದು ಸುಳ್ಳೇ."

ಅವನ ಕೈ ನಿಂತಿತು. ಕೆನ್ನೆಯ ಮೇಲೆ ಅವಳ ಐದು ಬೆರಳು ಇನ್ನೂ ಮೂಡಿದ್ದವು. ಅವಳು ಎದುರು ಕುಳಿತು ಎಣ್ಣೆಯಲ್ಲಿ ಕೈ ಅದ್ದಿ, ಮೊದಲು ಆ ಕೆನ್ನೆ ಒರೆಸಿದಳು. ಗೋಡೆಯಾಚೆ ಹಾಡು ಶುರುವಾಗಿತ್ತು, ರಕ್ತದ ವಾಸನೆ ಇಲ್ಲಿಗೂ ಬರುತ್ತಿತ್ತು.

"ಕೆಲಸ ಹೋಯ್ತಲ್ಲ ನಿಂದು."

"ಬಂದರಿನಲ್ಲಿ ಹಡಗಿಗೆ ರಾಳ ಬಳಿಯೋರು ಬೇಕಂತೆ. ಸಿಕ್ಕಿದ್ರೆ ನಿಮ್ಮಪ್ಪನ ಹತ್ರ ಬಂದು ನಿನ್ನ ಕೇಳ್ತೀನಿ. ಸ್ನಾನ ಮಾಡ್ಕೊಂಡು ಬರ್ತೀನಿ, ಆದ್ರೂ ಈ ನಾತ ಪೂರ್ತಿ ಹೋಗಲ್ಲ."

"ಅಲ್ಲಿ ರಕ್ತ ಇರಲ್ಲ ತಾನೆ?"

"ಇಲ್ಲ. ಬರೀ ಮೀನಿನ ನಾತ."

"ಅದಾದ್ರೆ ಸಹಿಸ್ಕೋತೀನಿ," ಎಂದಳು ಕ್ಲೇನೊ, ಮತ್ತು ಹಕ್ಕಿಯ ಇನ್ನೊಂದು ಗರಿ ಹಿಡಿದಳು.