ಸಂಬಂಧ: ಅಳಿಯ

"ನಿಮ್ಮ ಕೆಲಸ ಏನು?"

"ಲಿಫ್ಟ್ ರಿಪೇರಿ."

"ಪಟ್ಟಿಯಲ್ಲಿ ಲಿಫ್ಟ್ ಇಲ್ಲ. 'ಇತರೆ' ಅಂತ ಹಾಕ್ತೀನಿ."

"ಹಾಕಬೇಡಿ. ನಾನು ಇತರೆ ಅಲ್ಲ."

ಯೊಕಾಸ್ತಾ ತಲೆಯೆತ್ತಿ ನೋಡಿದಳು.

ಸಾಂತಿಯಾಗೊ ನಗರದ ವಿಮಾನ ನಿಲ್ದಾಣದಲ್ಲಿ, ಪಾಸ್‌ಪೋರ್ಟ್ ಸಾಲಿಗೆ ಹತ್ತು ಹೆಜ್ಜೆ ಮೊದಲು ಅವಳ ಮೇಜು. ವಿಮಾನ ಹತ್ತುವ ಮೊದಲೇ ಮೊಬೈಲಿನಲ್ಲಿ ತುಂಬಬೇಕಾದ ಆಗಮನ ಘೋಷಣೆಯನ್ನು ತುಂಬದೆ ಬಂದವರೆಲ್ಲ ಅವಳ ಪಾಲು. ಮರೆತವರು, ಚಾರ್ಜು ಮುಗಿದವರು, ಕನ್ನಡಕವನ್ನು ಸೂಟ್‌ಕೇಸಿನೊಳಗೆ ಹಾಕಿ ಕಳಿಸಿದವರು, ಸರ್ಕಾರಕ್ಕೆ ನನ್ನ ಸಂಗತಿ ಯಾಕೆ ಎಂದು ಸೊಂಟದ ಮೇಲೆ ಕೈಯಿಟ್ಟು ಕೇಳುವವರು. ಆರು ವರ್ಷದಲ್ಲಿ ಎಲ್ಲ ಬಗೆಯವರನ್ನೂ ಕಂಡಿದ್ದಳು. 'ಇತರೆ' ಎಂಬ ಪದಕ್ಕೆ ನೊಂದುಕೊಂಡವನು ಇವನೇ ಮೊದಲಿಗ.

"ಸೆನ್ಯೋರ್, ಮೊನ್ನೆ ಬಿಷಪ್ಪರೇ 'ಇತರೆ' ಆಗಿ ಒಳಗೆ ಹೋದ್ರು."

"ಬಿಷಪ್ಪರ ಗುರುತು ದೇವರಿಗಿದೆ. ನನ್ನ ಗುರುತು ಯಾರಿಗಿದೆ?"

ಅವಳು ನಗು ನುಂಗಿಕೊಂಡು, ಪಟ್ಟಿಯನ್ನು ಕೊನೆತನಕ ಜಾರಿಸಿ, 'ಮೆಕ್ಯಾನಿಕ್' ಎಂಬುದನ್ನು ಹುಡುಕಿಕೊಟ್ಟಳು. ಹಿಂದೆ ಸಾಲಿನಲ್ಲಿದ್ದ ಇಪ್ಪತ್ತು ಮಂದಿ ಅವನನ್ನು ಮನಸಾರೆ ಬಯ್ದರು.

ಅವನ ಹೆಸರು ರಾದಾಮೆಸ್. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಬೆಳೆದವನು. ಸಾಂತಿಯಾಗೊದಲ್ಲಿ ಏಳುತ್ತಿದ್ದ ಹೊಸ ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳಲು ಮೂರು ವಾರಕ್ಕೊಮ್ಮೆ ಬರುತ್ತಿದ್ದ.

ಎರಡನೆಯ ಸಲ ಬಂದಾಗ ಫಾರಂ ತುಂಬಿರಲಿಲ್ಲ, ಫೋನ್ ಸತ್ತಿತ್ತಂತೆ. ಮೂರನೆಯ ಸಲ ಮರೆತನಂತೆ. ನಾಲ್ಕನೆಯ ಸಲ ಕಾರಣ ಹೇಳುವ ಗೋಜಿಗೇ ಹೋಗದೆ ಬಂದು ನಿಂತ.

"ಹನ್ನೆರಡನೇ ಮಹಡಿಯಲ್ಲಿ ನೇತಾಡ್ಕೊಂಡು ಯಂತ್ರ ಸರಿ ಮಾಡೋರಿಗೆ ನಾಲ್ಕು ಪ್ರಶ್ನೆ ತುಂಬೋಕೆ ಬರಲ್ವಾ?"

"ಬರುತ್ತೆ. ತುಂಬಿಬಿಟ್ರೆ ಈ ಮೇಜಿಗೆ ಬರೋಕೆ ಕಾರಣ ಇರಲ್ಲ."

ಯೊಕಾಸ್ತಾ ಟ್ಯಾಬ್ಲೆಟ್ಟಿನ ಮೇಲೆ ಬಗ್ಗಿದಳು. ಕಿವಿ ಬಿಸಿಯಾಯಿತು.

*ಮೂವತ್ತೆರಡು ವರ್ಷ ನಿನಗೆ. ಕೆಲಸ ಮಾಡು...*

ಆದರೂ ಐದನೆಯ ಸಲ, ಪಾಳಿ ಮುಗಿದ ಮೇಲೆ, ಮೇಲಿನ ಮಹಡಿಯ ಕಾಫಿ ಅಂಗಡಿಯಲ್ಲಿ ಅವನ ಎದುರು ಕುಳಿತಳು. ಒಂದು ಪುಟ್ಟ ಲೋಟ ಕಾಫಿಗೆ ಒಂದೂವರೆ ತಾಸು ಹಿಡಿಯಿತು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಹತ್ತು ನಿಮಿಷ ಗಾಬರಿಯಾಗಿ, ಆಮೇಲೆ ಒಬ್ಬರಿಗೊಬ್ಬರು ಮನೆ ಕಥೆಯನ್ನೆಲ್ಲ ಹೇಳಿಕೊಳ್ಳುತ್ತಾರೆ, ಬಾಗಿಲು ತೆರೆದರೆ ಬೇಜಾರಾಗುತ್ತಾರೆ ಎಂದು ಅವನು ಹೇಳಿದ. ಅವಳು ನಕ್ಕಳು. ತನ್ನ ಮನೆ ಕಥೆಯನ್ನು ಮಾತ್ರ ಹೇಳಲಿಲ್ಲ.

ಆ ಕಥೆ ದೊಡ್ಡದೇನಲ್ಲ. ಎಂಟು ವರ್ಷದ ಹಿಂದೆ ಅವಳ ಗಂಡ ವಿನಿಸಿಯೊ ನ್ಯೂಯಾರ್ಕಿಗೆ ಹೋದ. ಅಲ್ಲಿ ನೆಲೆಯೂರಲು ಕಾಗದಪತ್ರ ಬೇಕು, ಅದಕ್ಕೆ ಅಲ್ಲಿಯವಳೊಬ್ಬಳನ್ನು ಮದುವೆಯಾಗಬೇಕು, ಮದುವೆಯಾಗಲು ಯೊಕಾಸ್ತಾಗೆ ವಿಚ್ಛೇದನ ಕೊಡಬೇಕು. "ಬರೀ ಕಾಗದದ ಮೇಲೆ, ಯೊಕಾ," ಎಂದಿದ್ದ. ಆ ಊರಿನಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಬೈಕು ಕೊಳ್ಳುವ ಮಾತಾಡಿದಷ್ಟೇ ಸಲೀಸಾಗಿ ಇಂಥ ಮದುವೆಯ ಮಾತಾಡುತ್ತಾರೆ. ಅವಳು ಸಹಿ ಹಾಕಿದಳು.

ಕಾಗದದ ಹೆಂಡತಿಗೆ ಈಗ ಎರಡು ಮಕ್ಕಳು.

ಇನ್ನು ಯಾವ ಗಂಡಸಿನ ಬಾಯಲ್ಲಾದರೂ ಆ 'ಕಾಗದದ ಮೇಲೆ' ಎಂಬ ಮಾತು ಬಂದರೆ, ಅವನ ಮುಖ ತಿರುಗಿ ನೋಡುವುದಿಲ್ಲ ಎಂದು ಯೊಕಾಸ್ತಾ ಅಂದೇ ತೀರ್ಮಾನಿಸಿದ್ದಳು.

ಆರನೆಯ ಸಲ ಅವನು ಬಂದದ್ದು ಡಿಸೆಂಬರಿನಲ್ಲಿ, ಮಧ್ಯಾಹ್ನ. ನ್ಯೂಯಾರ್ಕಿನಲ್ಲಿರುವ ಅರ್ಧ ಊರು ಹಬ್ಬಕ್ಕೆ ಮನೆಗೆ ಮರಳುವ ತಿಂಗಳು. ವಿಮಾನ ನೆಲ ಮುಟ್ಟಿದಾಗ ಒಳಗಿದ್ದವರು ಹೊಡೆದ ಚಪ್ಪಾಳೆಯ ಖುಷಿ ಇನ್ನೂ ಅವರ ಮುಖದ ಮೇಲೇ ಇತ್ತು.

ರಾದಾಮೆಸ್ ಒಂಟಿಯಾಗಿರಲಿಲ್ಲ. ಮುಂದೆ ಹಿರಿಯಾಕೆ ದೋನ್ಯಾ ಕಿರ್ಸಿಸ್, ಕಂಕುಳಲ್ಲಿ ತುಪ್ಪಳದ ಕೋಟು. ವರ್ಷಕ್ಕೆರಡು ಬಾರಿ ಬಂದು ಹೋಗುವ ಅವರನ್ನು ನಿಲ್ದಾಣದ ಗುಡಿಸುವವರೂ ಬಲ್ಲರು. ಪಕ್ಕದಲ್ಲಿ ಇಪ್ಪತ್ತಾರರ ಚೆಂದದ ಹುಡುಗಿ.

"ಮಗಳೇ, ನನ್ನ ಫೋನಿನ ಗಾಜು ಒಡೆದಿದೆ, ಗೇಟಿನ ಯಂತ್ರ ಫಾರಮ್ಮಿನ ಕೋಡ್ ಓದ್ತಿಲ್ಲ. ನೀನೇ ತೆಗೆದು ನೋಡು. ಎಲ್ಲಾ ತುಂಬಿದೀನಿ. ಮೂರೂ ಜನಕ್ಕೂ ಒಂದೇ ಫಾರಂ."

*ಮೂರೂ ಜನ?*

ಯೊಕಾಸ್ತಾ ಫಾರಂ ತೆರೆದಳು. ಕುಟುಂಬದ ಮುಖ್ಯಸ್ಥೆ: ಕಿರ್ಸಿಸ್. ಲಿಯೊನೆಲಾ, ಸಂಬಂಧ: ಮಗಳು. ವಿವಾಹಿತೆ. ರಾದಾಮೆಸ್, ಸಂಬಂಧ: ಅಳಿಯ. ವಿವಾಹಿತ. ಮೂವರೂ ಇಳಿದುಕೊಳ್ಳುವ ವಿಳಾಸ ಒಂದೇ.

ಅವಳು ಅದನ್ನು ಎರಡು ಸಲ ಓದಿದಳು. ಅಕ್ಷರಗಳು ಬದಲಾಗಲಿಲ್ಲ.

ರಾದಾಮೆಸ್ ಮೇಜಿನ ಮೇಲೆ ಬಗ್ಗಿದ. "ಯೊಕಾಸ್ತಾ, ಕೇಳಿ... ಅದು ಬರೀ ಕಾಗದದ ಮೇಲೆ."

ಪಾಪ, ಜಗತ್ತಿನಲ್ಲಿದ್ದ ಅಷ್ಟು ಮಾತುಗಳಲ್ಲಿ ಅವನಿಗೆ ಸಿಕ್ಕಿದ್ದು ಅದೇ.

"ಸ್ವಾಗತ, ಸೆನ್ಯೋರ್," ಎಂದಳು ಯೊಕಾಸ್ತಾ. "ನಿಮ್ಮ ಪತ್ನಿಯವರನ್ನ ಕರ್ಕೊಂಡು ಆರನೇ ಕೌಂಟರಿಗೆ ಹೋಗಿ."

"ನಾನು ಹೇಳೋದನ್ನ..."

"ಸಾಲು ನಿಂತಿದೆ ಸೆನ್ಯೋರ್. ಮುಂದಿನವರು."

"ಎಷ್ಟು ಮರ್ಯಾದೆಯ ಹುಡುಗಿ," ಎನ್ನುತ್ತಾ ದೋನ್ಯಾ ಕಿರ್ಸಿಸ್ ಇಬ್ಬರನ್ನೂ ಎಳೆದುಕೊಂಡು ಹೋದರು.

ಮುಂದಿನವಳು ಏನೋ ಕೇಳುತ್ತಿದ್ದಳು. ಯೊಕಾಸ್ತಾ ಬೆರಳು ಆಡಿಸುತ್ತಲೇ ಇದ್ದಳು.

*ಅಳೋದಿಲ್ಲ. ಒಂದು ಸಲ ಅತ್ತಾಗಿದೆ. ಇವನಿಗೋಸ್ಕರ ಈ ಮೇಜಿನ ಮೇಲೆ ಒಂದು ಹನಿಯೂ ಬೀಳೋದಿಲ್ಲ...*

ಹತ್ತು ನಿಮಿಷವೂ ಆಗಿರಲಿಲ್ಲ. ಕೌಂಟರಿನ ಆಚೆ ಕಡೆಯಿಂದ ಗದ್ದಲ. ಮುದ್ರೆ ಒತ್ತಿಸಿಕೊಂಡು ಒಳಗೆ ಹೋಗಿದ್ದವನೊಬ್ಬ ಜನರ ಹರಿವಿಗೆ ಎದುರಾಗಿ ವಾಪಸು ಬರುತ್ತಿದ್ದ. ಕಾವಲಿನವಳು ಅವನ ತೋಳು ಹಿಡಿದಿದ್ದಳು. ಅವನು ಅವಳನ್ನೂ ಎಳೆದುಕೊಂಡೇ ಬಂದು, ಯೊಕಾಸ್ತಾಳ ಮೇಜಿನ ಪಕ್ಕದ ಕಿಟಕಿಯ ಮುಂದೆ ನಿಂತ.

ಕಿಟಕಿಯ ಹಿಂದೆ ಇನ್‌ಸ್ಪೆಕ್ಟರ್ ಮೊರೊಂತಾ ಮಾಂಸ ತುಂಬಿದ ಪಸ್ತೆಲಿತೊವನ್ನು ಆಗಷ್ಟೇ ಕಚ್ಚಿದ್ದರು.

"ನಾನು ಸುಳ್ಳು ಘೋಷಣೆ ಮಾಡಿ ದೇಶದೊಳಗೆ ಬಂದಿದ್ದೀನಿ," ಎಂದ ರಾದಾಮೆಸ್.

ಇನ್‌ಸ್ಪೆಕ್ಟರು ನಿಧಾನವಾಗಿ ಅಗಿದು ನುಂಗಿದರು. "ಏನು ತಂದಿದ್ದೀಯ?"

"ಏನೂ ತಂದಿಲ್ಲ. ಮದುವೆಯಾಗಿದೆ ಅಂತ ಬರೆದಿದೆ. ಆಗಿಲ್ಲ."

"ಅಷ್ಟೇನಾ? ಇಡೀ ಊರೇ ಹಂಗೆ ಬರ್ಕೊಳ್ಳುತ್ತೆ. ಆಗಿರೋರು ಆಗಿಲ್ಲ ಅಂತಾರೆ, ಆಗದಿರೋರು ಆಗಿದೆ ಅಂತಾರೆ. ಮುದ್ರೆ ಬಿದ್ದಿದೆಯಲ್ಲ, ಹೋಗಪ್ಪ. ಹಬ್ಬ ಮಾಡು."

"ತಿದ್ದಬೇಕು."

"ನೋಡು, ತಿದ್ದುಪಡಿ ಅಂದ್ರೆ ನಾನು ನಿನ್ನ ಪ್ರವೇಶ ರದ್ದು ಮಾಡ್ಬೇಕು. ಕಾರಣ ಒಪ್ಪಿಗೆಯಾದ್ರೆ ಸರಿ. ಇಲ್ದಿದ್ರೆ ಸಂಜೆ ಅದೇ ವಿಮಾನದಲ್ಲಿ ವಾಪಸ್. ಆಮೇಲೆ ಪ್ರತಿ ಸಲ ಬಂದಾಗಲೂ ನಿನ್ನನ್ನ ಪಕ್ಕಕ್ಕೆ ಕರ್ದು ಕೂರಿಸ್ತಾರೆ. ಇಲ್ಲಿ ನಿನ್ನ ಕೆಲಸ ಏನಾದ್ರೂ ಇದ್ರೆ, ಅದೂ ಹೋಗುತ್ತೆ."

"ಹೋಗ್ಲಿ. ಒಂದು ನಿಮಿಷವೂ ಬೇರೆಯವಳ ಗಂಡನಾಗಿ ನಾನು ಈ ದೇಶದಲ್ಲಿ ಇರೋದಿಲ್ಲ."

ಅವನು ಯೊಕಾಸ್ತಾಳ ಕಡೆ ತಿರುಗಿಯೂ ನೋಡಲಿಲ್ಲ. ಕಿಟಕಿಗೆ ಪಾಸ್‌ಪೋರ್ಟ್ ತಳ್ಳಿ ನಿಂತಿದ್ದ. ಅದನ್ನೇ ಅವಳು ಗಮನಿಸಿದಳು.

ವಿನಿಸಿಯೊ ಎಂಟು ವರ್ಷದಲ್ಲಿ ಒಂದು ದಿನವೂ ಯಾವ ಕಿಟಕಿಯ ಮುಂದೆಯೂ ನಿಂತು ಏನನ್ನೂ ತಿದ್ದಿಸಿರಲಿಲ್ಲ. ಫೋನಿನಲ್ಲಿ ಅತ್ತಿದ್ದ, ಆಣೆ ಹಾಕಿದ್ದ. ಸುಗಂಧದ್ರವ್ಯದ ಬಾಟಲಿ ಕಳಿಸಿದ್ದ.

"ಹೋಗು ಮಾರಾಯ," ಎಂದು ಇನ್‌ಸ್ಪೆಕ್ಟರು ಪಾಸ್‌ಪೋರ್ಟನ್ನು ವಾಪಸು ತಳ್ಳಿದರು. "ಕಾಗದದ ವಿಷಯಕ್ಕೆ ಇಷ್ಟೊಂದು..."

ಯೊಕಾಸ್ತಾ ಎದ್ದು ನಿಂತಳು.

"ತಿದ್ದುಪಡಿ ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ, ಇನ್‌ಸ್ಪೆಕ್ಟರ್."

"ಯೊಕಾಸ್ತಾ, ನಿನಗ್ಯಾಕೆ?"

"ತಿದ್ದುಪಡಿ ಫಾರಂ ತುಂಬೋದು ನನ್ನ ಮೇಜಿನಲ್ಲಿ. ಅದಕ್ಕೆ." ಅವಳ ಹಿಂದೆ ಸಾಲು ಗೊಣಗಿತು. ಅವಳು ಸಾಲಿನ ಕಡೆ ತಿರುಗಿದಳು. "ಗೊಣಗಿ. ಇವತ್ತು ಹೊತ್ತಾಗುತ್ತೆ. ಬೇಕಾದ್ರೆ ನನ್ನ ಮೇಲಿನವರಿಗೆ ದೂರು ಕೊಡಿ, ಹೆಸರು ಇಲ್ಲೇ ಎದೆ ಮೇಲಿದೆ."

ಸಾಲು ಗಪ್‌ಚಿಪ್. ಜಗಳ ನೋಡಲು ಸಿಗುವುದಾದರೆ ಕಾಯುವುದಕ್ಕೆ ಆ ಊರಿನವರು ಎಂದೂ ಬೇಸರಿಸಿದವರಲ್ಲ.

ಅವನು ಎದುರು ಕುಳಿತ. ಅವಳು ಅವನ ಮುಖ ನೋಡದೆ ಕೇಳಿದಳು.

"ವೈವಾಹಿಕ ಸ್ಥಿತಿ?"

"ಅವಿವಾಹಿತ."

"ಈ ಹಿಂದೆ ಆಗಿತ್ತಾ? ಕಾಗದದ ಮೇಲಾದ್ರೂ?"

"ಇಲ್ಲ."

"ಅಂಥದ್ದಕ್ಕೆ ಒಪ್ಕೊಂಡಿದ್ರಾ?"

ಈ ಪ್ರಶ್ನೆ ಫಾರಮ್ಮಿನಲ್ಲಿ ಇರಲಿಲ್ಲ. ಇನ್‌ಸ್ಪೆಕ್ಟರು ಪಸ್ತೆಲಿತೊವನ್ನು ಕೆಳಗಿಟ್ಟರು.

"ಒಬ್ಬಳು ಕೇಳಿದ್ಲು, ಹೋದ ವರ್ಷ. ಆಗಲ್ಲ ಅಂದೆ."

"ತಪ್ಪು ನಮೂದಿಗೆ ಕಾರಣ?"

"ನಾನು ಬೇಕಂತಲೇ ಫಾರಂ ತುಂಬದೆ ಬಂದೆ. ಈ ಸಲ ನ್ಯೂಯಾರ್ಕಿನಲ್ಲಿ ಕೋಡ್ ಇಲ್ದೆ ವಿಮಾನ ಹತ್ತಿಸಲ್ಲ ಅಂದ್ರು. ಬಾಗಿಲು ಮುಚ್ತಾ ಇದ್ರು. ಪಕ್ಕದಲ್ಲಿದ್ದ ಆ ಕೋಟಿನ ಅಮ್ಮ ಪಾಸ್‌ಪೋರ್ಟ್ ಕಿತ್ಕೊಂಡು ತಮ್ಮ ಫಾರಮ್ಮಿಗೆ ಸೇರಿಸಿಬಿಟ್ರು. ಏನಂತ ಸೇರಿಸಿದ್ರು ಅಂತ ನಾನು ನೋಡಿದ್ದು ಆಕಾಶದಲ್ಲಿ."

"ಸಾಕ್ಷಿ ಬೇಕು," ಎಂದರು ಇನ್‌ಸ್ಪೆಕ್ಟರು, ಈಗ ಕುತೂಹಲದಿಂದ.

ಸಾಕ್ಷಿ ತಾನೇ ಬರುತ್ತಿತ್ತು, ಮೂರು ಪೆಟ್ಟಿಗೆಯ ತಳ್ಳುಗಾಡಿ ಸಮೇತ.

"ಏನು ತಪ್ಪಾಯ್ತು ಮಗಳೇ?" ಎಂದರು ದೋನ್ಯಾ ಕಿರ್ಸಿಸ್. "ಒಂಟಿ ಗಂಡಸು, ಎಲ್ಲಿ ಹಾಕ್ಲಿ? 'ಯಾರೋ ಒಬ್ಬ' ಅನ್ನೋ ಕಲಂ ಇಲ್ಲ. ಅಳಿಯ ಅಂತ ಇತ್ತು, ಹಾಕ್ದೆ. ಈಸ್ಟರಿಗೆ ಬಂದಾಗ ಒಬ್ಬ ಪಾದ್ರಿಯನ್ನೇ ತಮ್ಮ ಮಾಡ್ಕೊಂಡಿದ್ದೆ, ಅವರು ಆಶೀರ್ವಾದ ಮಾಡಿ ಹೋದ್ರು."

ಲಿಯೊನೆಲಾಳ ಮುಖ ಕೆಂಪಾಗಿತ್ತು. "ಅಮ್ಮಾ, ನನ್ನ ಗಂಡ ಹೊರಗಡೆ ಹೂವು ಹಿಡ್ಕೊಂಡು ನಿಂತಿದಾನೆ. ನನಗೆ ಇವರ ಹೆಸರೂ ಗೊತ್ತಿಲ್ಲ. ದಯವಿಟ್ಟು ಬೇಗ ಅಳಿಸಿ."

ಮೊರೊಂತಾ ಕೈ ಒರೆಸಿಕೊಂಡರು. ಮೂವರ ಪಾಸ್‌ಪೋರ್ಟುಗಳನ್ನೂ ಸಾಲಾಗಿಟ್ಟು ಬಹಳ ಹೊತ್ತು ನೋಡಿದರು. ಕೊನೆಗೆ ಹಳೆಯ ಪ್ರವೇಶವನ್ನು ಹೊಡೆದುಹಾಕಿ, ಹೊಸ ಮುದ್ರೆ ಒತ್ತಿದರು. "ಒಪ್ಪಿದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಬ್ರಹ್ಮಚಾರಿ ಆಗೋದಕ್ಕೆ ಹೊಡೆದಾಡಿದವನು ನೀನೊಬ್ಬನೇ."

ಯೊಕಾಸ್ತಾ ಪಾಸ್‌ಪೋರ್ಟನ್ನು ಅವನ ಕೈಗಿಟ್ಟಳು. ಮುಂದಿನವರನ್ನು ಕರೆದಳು. ಸಾಲು ನಿರಾಶೆಯಿಂದ ಮುಂದೆ ಸರಿಯಿತು.

ಪಾಳಿ ಮುಗಿದು ಐದು ಗಂಟೆಗೆ ಅವಳು ಹೊರಬಂದಾಗ, ಟ್ಯಾಕ್ಸಿಗಳ ಪಕ್ಕದ ಕಟ್ಟೆಯ ಮೇಲೆ ಅವನು ಸೂಟ್‌ಕೇಸಿಗೆ ಒರಗಿ ಕುಳಿತಿದ್ದ. ಅವಳನ್ನು ಕಂಡು ಎದ್ದ.

"ನಾನು ನಿಮಗೆ ಕಾಯೋಕೆ ಹೇಳಿರಲಿಲ್ಲ," ಎಂದಳು.

"ಇಲ್ಲ."

"ಮೂರು ವಾರಕ್ಕೊಮ್ಮೆ ಬರೋ ಗಂಡಸಿಗೆ ದಾರಿ ನೋಡ್ತಾ ಕೂರೋ ಹೆಂಗಸಲ್ಲ ನಾನು. ನ್ಯೂಯಾರ್ಕಿಗೂ ಬರಲ್ಲ. ಯಾವ ಕಾಗದಕ್ಕೂ ಸಹಿ ಹಾಕಲ್ಲ."

ಆಮೇಲೆ ಅವಳು ಅವನಿಗೆ ವಿನಿಸಿಯೊನ ಕಥೆ ಹೇಳಿದಳು. ನಿಂತೇ ಹೇಳಿದಳು, ಟ್ಯಾಕ್ಸಿಯವರು ಕೇಳಿಸಿಕೊಳ್ಳುತ್ತಿದ್ದರೂ. ಕೊನೆಗೆ ಅವನ ಮುಖ ಬಿಳಿಚಿಕೊಂಡಿತ್ತು.

"ನಾನು ಆ ಮಾತನ್ನೇ ಅಂದೆ..."

"ಅಂದ್ರಿ."

"ನಿಮ್ಮನ್ನ ಪ್ರೀತಿಸ್ತೀನಿ, ಯೊಕಾಸ್ತಾ. ಇದನ್ನ ಎಲ್ಲೂ ಬರೆಯೋದು ಬೇಡ. ನಿಮಗೆ ನಂಬಿಕೆ ಬರೋವರೆಗೂ ಬಾಯಲ್ಲೇ ಹೇಳ್ತಿರ್ತೀನಿ."

ಕಣ್ಣು ತುಂಬಿತು. ಮಧ್ಯಾಹ್ನದಿಂದ ತಡೆದಿಟ್ಟಿದ್ದು. ಅವಳು ಒರೆಸಿಕೊಳ್ಳಲಿಲ್ಲ, ಅವನು ನೋಡಲಿ ಎಂದು ಗಲ್ಲವೆತ್ತಿಯೇ ನಿಂತಳು.

"ನಂಬಿಕೆ ಬಂದಿದೆ. ಮಧ್ಯಾಹ್ನವೇ ಬಂತು," ಎಂದಳು. "ಆದ್ರೂ ಹೇಳ್ತಿರು."

'ನೀವು' ಎಲ್ಲಿ ಉದುರಿಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ಎಷ್ಟು ದಿನ?"

"ನಾನು ಸಾಕು ಅನ್ನೋವರೆಗೂ."

"ನೀನು ಸಾಕು ಅನ್ನೋಳಲ್ಲ."

"ಅಲ್ಲ," ಎಂದು ಯೊಕಾಸ್ತಾ ಅವನ ತೋಳಿಗೆ ತೋಳು ಸೇರಿಸಿದಳು. "ನಡಿ. ನನಗೆ ಹಸಿವಾಗಿದೆ."