ವಿಚಾರಣೆ ಕೌಂಟರಿನವನು ಕೊಟ್ಟ ತಪ್ಪು ವಿಳಾಸ

"ಮದುವೆ ರಿಜಿಸ್ಟರ್ ಮಾಡಿಸೋ ಆಫೀಸ್ ಎಲ್ಲಿದೆ ಸರ್?"

ಹಿಂದಿನ ಬೀದಿಯ ಟೇಲರ್ ಹುಡುಗಿ ಕೇಳಿದ್ದು ಇಷ್ಟೇ. ಲೈಬ್ರರಿಯ ವಿಚಾರಣೆ ಕೌಂಟರಿನಲ್ಲಿ ಕೂತವನ ಎದೆ ಧಸಕ್ಕೆಂದಿತು.

ಊರಿನಲ್ಲಿ ಯಾವ ಸಹಾಯ ಎಲ್ಲಿ ಸಿಗುತ್ತದೆಂದು ಹೇಳುವುದೇ ಅವನ ಕೆಲಸ. ಫೋನ್ ಮಾಡಿ ಖಾತ್ರಿಪಡಿಸಿಕೊಳ್ಳದೆ ಯಾರಿಗೂ ವಿಳಾಸ ಕೊಟ್ಟವನಲ್ಲ. ಇವಳು ಮೊದಲು ಬಂದದ್ದು ಕುಡಿತ ಬಿಡಿಸುವ ಕೇಂದ್ರ ಕೇಳಿಕೊಂಡು. ಆಮೇಲೆ ಉಚಿತವಾಗಿ ಸಲಹೆ ಕೊಡುವ ವಕೀಲರು, ಆಮೇಲೆ ಹಗಲು ಮಗುವನ್ನು ನೋಡಿಕೊಳ್ಳುವ ಜಾಗ. ಯಾರಿಗೆ ಎಂದು ಕೇಳುವಂತಿಲ್ಲ, ಅದು ಕೌಂಟರಿನ ಮರ್ಯಾದೆ. ಕೇಳದೆಯೇ ಅವನು ಕಥೆ ಕಟ್ಟಿಕೊಂಡ: ಕುಡುಕ ಗಂಡ, ಮುರಿದ ಮದುವೆ, ಪುಟ್ಟ ಮಗು.

ಅಯ್ಯೋ ಪಾಪ ಅನ್ನಿಸಿದ್ದು ಯಾವಾಗ ಪ್ರೀತಿಯಾಯಿತೋ ಅವನಿಗೇ ತಿಳಿಯಲಿಲ್ಲ. ಅವಳು ಬರದ ದಿನ ಬಾಗಿಲ ಕಡೆ ನೋಡಿ ನೋಡಿ ಕತ್ತು ನೋಯುತ್ತಿತ್ತು. ಬಂದರೆ, ಅವಳ ತೋಳಿಗಂಟಿದ ದಾರದ ಎಳೆ ತೆಗೆಯಲು ಕೈ ತವಕಿಸುತ್ತಿತ್ತು.

ಈಗ ನೋಡಿದರೆ ಇನ್ನೊಂದು ಮದುವೆ!

"ಹಳೇ ಬಸ್ ಸ್ಟ್ಯಾಂಡ್ ಹಿಂದೆ, ಎರಡನೇ ಮಹಡಿ."

"ಫೋನ್ ಮಾಡಿ ನೋಡಲ್ವಾ? ಇವತ್ತು ಯಾಕೋ ಬೇಗ ಸಾಗಹಾಕ್ತಿದ್ದೀರಿ," ಎಂದು ಅವಳು ಓರೆಗಣ್ಣಿನಲ್ಲಿ ನಕ್ಕಳು.

"ಗೊತ್ತಿರೋ ಆಫೀಸೇ," ಎಂದು ಅವನು ತಲೆ ತಗ್ಗಿಸಿದ.

ಮರುದಿನ ಇನ್ಯಾರೋ ಅದನ್ನೇ ಕೇಳಿದಾಗ ಫೋನ್ ಮಾಡಿದ. ಆ ಆಫೀಸು ಊರಾಚೆಗೆ ಸ್ಥಳಾಂತರವಾಗಿತ್ತು! ಸುಮ್ಮನಿದ್ದುಬಿಟ್ಟರೆ? ಬೀಗ ನೋಡಿ ಇಬ್ಬರೂ ವಾಪಸ್ ಬರಲಿ, ಮದುವೆ ಒಂದಷ್ಟು ದಿನ ಮುಂದೆ ಹೋಗಲಿ. ಆಸೆ ಹುಟ್ಟಿದ ಬೆನ್ನಿಗೇ ತನ್ನ ಮೇಲೆ ಹೇಸಿಗೆಯಾಯಿತು. ಕೂತ, ಎದ್ದ, ಮತ್ತೆ ಕೂತ.

"ಏನಯ್ಯಾ, ಕುರ್ಚಿಗೆ ಮುಳ್ಳು ಬಂದಿದೆಯಾ?" ಎಂದರು ಪಕ್ಕದ ಕೌಂಟರಿನ ಹಿರಿಯರು.

ಊಟದ ಬಿಡುವಿನಲ್ಲಿ ಅಂಗಡಿಗೆ ಓಡಿದ. ಅವಳು ಯಾರೋ ಹುಡುಗಿಯ ಅಳತೆ ತೆಗೆಯುತ್ತಿದ್ದಳು. ಮೂಲೆಯಲ್ಲಿ ಒಬ್ಬ ಹೆಂಗಸು ಗುಂಡಿ ಹಾಕುತ್ತಿದ್ದಳು.

"ಆಫೀಸು ಅಲ್ಲಿಲ್ಲ, ತಪ್ಪು ಹೇಳ್ಬಿಟ್ಟೆ," ಎಂದು ಏದುಸಿರು ಬಿಟ್ಟ. "ನಿಮ್ಮ ಮದುವೆ ನನ್ನಿಂದ ತಪ್ಪೋದು ಬೇಡ."

"ನನ್ನ ಮದುವೆನಾ? ಮದುಮಗಳು ಇವಳು!" ಎಂದು ಅವಳು ಅಳತೆಗೆ ನಿಂತ ಹುಡುಗಿಯನ್ನು ತೋರಿಸಿದಳು.

"ಮತ್ತೆ... ಆ ಕುಡಿಯೋ ಗಂಡ?"

"ನನ್ನ ಗಂಡ ಕಣಪ್ಪಾ," ಎಂದಳು ಗುಂಡಿ ಹಾಕುತ್ತಿದ್ದವಳು. "ಈಗ ಕುಡಿಯೋದು ಬಿಟ್ಟಿದಾರೆ."

"ಡೈವೋರ್ಸಿಗೆ ವಕೀಲರು? ಮಗು?"

"ಎರಡೂ ಎದುರುಮನೆ ಅಕ್ಕಂದು," ಎಂದು ಟೇಲರ್ ಹುಡುಗಿ ಬಿದ್ದು ಬಿದ್ದು ನಕ್ಕಳು. "ಅಳತೆಗೆ ನಿಂತೋರೆಲ್ಲ ಕಷ್ಟ ಹೇಳ್ಕೋತಾರೆ, ನಾನು ನಿಮ್ಮ ಹತ್ರ ಬರ್ತೀನಿ. ನಮ್ಮಮ್ಮ ಒಂದು ಗಂಡು ಹುಡುಕೋಕೆ ಒದ್ದಾಡ್ತಿದ್ರೆ, ನೀವು ಗಂಡ, ಮಗು, ಡೈವೋರ್ಸ್ ಎಲ್ಲ ಕೊಟ್ಬಿಟ್ರಾ!"

ನಗು ನಿಂತಿತು. "ನಿನ್ನೆ ಯಾಕೆ ಫೋನ್ ಮಾಡ್ಲಿಲ್ಲ?"

"ನೀವು ಬೇರೆಯವರ ಪಾಲಾಗ್ತೀರಿ ಅಂತ ಸಂಕಟ ಆಯ್ತು. ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳ ಕೈಯಿಂದ ಟೇಪು ಜಾರಿತು. ಮದುಮಗಳು ಚಾಚಿದ ತೋಳುಗಳನ್ನು ಇಳಿಸುವುದನ್ನೇ ಮರೆತಳು.

"ನಾವೇ ಹೋಗಿ ಕೇಳ್ತೀವಿ ಅಂದ್ರೆ ಇವಳು ಬಿಟ್ರೆ ತಾನೇ!" ಎಂದಳು ಗುಂಡಿಯವಳು. "ಪ್ರತಿ ಸಲ ನಾನೇ ಹೋಗ್ತೀನಿ ಅಂತ ಹಟ."

"ಅಕ್ಕಾ, ಸುಮ್ನಿರಿ!"

ಅವಳ ಮುಖ ಕೆಂಪೇರಿತ್ತು. ಬಿದ್ದ ಟೇಪನ್ನು ಎತ್ತಿಕೊಂಡು, ಮೆಲ್ಲಗೆ ಕೇಳಿದಳು:

"ಇನ್ಮೇಲೆ ಕೇಳೋಕೆ ಏನೂ ಇಲ್ಲದೆ, ಸುಮ್ನೆ ಬರಬಹುದಾ?"

"ಬನ್ನಿ," ಎಂದ. ಅಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ತುಂಬಿತ್ತು.